ಗೋಡೆಗೆ ಮುಖ ಮಾಡಿದ ಹೂದಾನಿ

ಹೂವಿನ ಕಡ್ಡಿಯನ್ನು ಅವರು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯುತ್ತಿದ್ದರು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕೇಳಿದವರು ನಕ್ಕಿದ್ದಾರೆ. ಹೋದ ವಾರ ಅವರ ಹೆಂಡತಿಯನ್ನು ಕೇಳಿದೆ. "ಕ್ಯಾಲಿಪರ್ ಫ್ಯಾಕ್ಟರಿಯಾಗ ಇತ್ತು, ಮನ್ಯಾಗ ಎಲ್ಲಿಂದ ಬರಬೇಕು? ಸ್ಟೀಲ್ ಸ್ಕೇಲ್ ಇತ್ತು, ಅಷ್ಟ," ಎಂದರು. ಹಾಗಾದರೆ ಕ್ಯಾಲಿಪರನ್ನು ಅವರ ಕೈಗೆ ಕೊಟ್ಟವನು ನಾನೇ. ಮುಂದೆ ಬರೆಯುವುದರಲ್ಲಿ ಇಂಥ ಕ್ಯಾಲಿಪರುಗಳು ಇನ್ನೆಷ್ಟಿವೆಯೋ ನನಗೆ ಗೊತ್ತಿಲ್ಲ.

ಖಚಿತವಾಗಿ ಗೊತ್ತಿರುವುದು ಒಂದಿದೆ. ಒಂದು ಭಾನುವಾರ ಬೆಳಿಗ್ಗೆ, ಬೆನ್ಸನ್ ಟೌನಿನ ಒಂದು ಹಾಲ್‌ನಲ್ಲಿ, ಅವರು ಕೈ ತೊಳೆಯಲು ಹೋದ ಐದು ನಿಮಿಷದಲ್ಲಿ, ಅವರ ಹೂದಾನಿಯನ್ನು ನಾನು ಅರ್ಧ ಸುತ್ತು ತಿರುಗಿಸಿ ಇಟ್ಟೆ. ಅದೇ ತಿಂಗಳು ಅವರು ಪಾಠ ನಿಲ್ಲಿಸಿದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿತ್ತೇ ಎಂದು ಹತ್ತು ವರ್ಷ ಕೇಳಲಿಲ್ಲ. ಈಗ ಕೇಳಲು ಅವರಿಲ್ಲ. ತೀರಿಕೊಂಡು ಒಂದೂವರೆ ತಿಂಗಳಾಯಿತು.

ಅವರು ಇಕೆಬಾನ ಕಲಿಸುತ್ತಿದ್ದರು. ಜಪಾನೀಯರ ಹೂಜೋಡಣೆ. ಜೀವನ್ ಬಿಮಾ ನಗರದ ಒಂದು ಅಡ್ಡರಸ್ತೆಯಲ್ಲಿ, ಕೆಳಮನೆಯ ಊಟದ ಮೇಜಿನ ಮೇಲೆ, ಗುರುವಾರ ಸಂಜೆ ಐದಕ್ಕೆ. ಧಾರವಾಡದ ಕಡೆಯವರು, ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅರ್ಧ ತೋಳಿನ ಬುಷ್‌ಶರ್ಟು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಆ ಕೈಯಲ್ಲಿ ಸೇವಂತಿಗೆಯ ಕಡ್ಡಿ ಹಿಡಿದಾಗ ಮೊದಲ ದಿನ ನಗು ಬಂದಿತ್ತು. ಆಮೇಲೆ ಬರಲಿಲ್ಲ.

ನಾನಾಗ ಶಿವಾಜಿನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ, ಕೆಲಸ ಖಾಯಂ ಆಗಿರಲಿಲ್ಲ. ದಂಡು ಪ್ರದೇಶದ ಜನರ ಹವ್ಯಾಸಗಳ ಬಗ್ಗೆ ಒಂದು ಪ್ರಬಂಧ ಬರೆಯುವ ಹುಮ್ಮಸ್ಸಿನಲ್ಲಿ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಎರಡು ಗಂಟೆ ಪ್ರಶ್ನೆ ಕೇಳಿದೆ. ಅವರು ಒಂದಕ್ಕೂ ಸರಿಯಾಗಿ ಉತ್ತರ ಕೊಡದೆ, ಕೊನೆಗೆ ನನ್ನ ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಒಂದು ಸೀಬೆಯ ಕೊಂಬೆ ಇಟ್ಟರು.

"ಇದನ್ನ ನಿಲ್ಲಸ್ರಿ ಮದಲ. ಆಮ್ಯಾಲೆ ಬರೀರಿ, ಪ್ರೊಫೆಸರ."

"ನಾನು ಪ್ರೊಫೆಸರ್ ಅಲ್ಲ ಸರ್, ಪಾರ್ಟ್‌ಟೈಮ್ ಲೆಕ್ಚರರ್ ಅಷ್ಟೇ."

"ಕೆಲಸ ಪಾರ್ಟ್‌ಟೈಮ್ ಇರಬಹುದ್ರೀ. ಅನುಮಾನ ಫುಲ್‌ಟೈಮ್ ಐತಲ್ಲ."

ಪ್ರಬಂಧ ಬರೆಯಲೇ ಇಲ್ಲ. ಸುಮಾರು ಎರಡು ವರ್ಷ ಗುರುವಾರ ತಪ್ಪಿಸಲಿಲ್ಲ. ನಾವು ನಾಲ್ವರು ವಿದ್ಯಾರ್ಥಿಗಳು. ಇಬ್ಬರ ಮುಖ ಮರೆತಿದ್ದೇನೆ. ಮರೆಯಲಾಗದವರು ಫಿಲೋಮಿನಾ ಆಂಟಿ, ಕಾಕ್ಸ್ ಟೌನಿನವರು, ತಮ್ಮ ಚರ್ಚಿನ ಪೀಠಕ್ಕೆ ಪ್ರತಿ ಶನಿವಾರ ಹೂ ಜೋಡಿಸುವವರು. ನಾನು ಏನಾದರೂ ಪ್ರಶ್ನೆ ಎತ್ತಿದರೆ ಸಾಕು, "ಏನ್ ಮ್ಯಾನ್ ನೀನು, ಗುಲಾಬಿಗೂ ಬರ್ತ್ ಸರ್ಟಿಫಿಕೇಟ್ ಕೇಳ್ತೀಯಲ್ಲ!" ಎಂದು ಕತ್ತರಿಯಲ್ಲೇ ನನ್ನ ಮೊಣಕೈ ತಿವಿಯುತ್ತಿದ್ದರು.

ಮೇಜಿನ ಆ ತುದಿಗೆ, ಅಡುಗೆಮನೆಗೆ ಬೆನ್ನು ಹಾಕಿ ಅವರು. ಎದುರಿಗೆ ನಾವು. ಪಾಠವೆಂದರೆ ಮಾತಿಲ್ಲ. ಅವರು ಮಾಡುವುದು, ನಾವು ನೋಡುವುದು. ಆಮೇಲೆ ನಾವು ಮಾಡುವುದು, ಅವರು ನೋಡುವುದು. ಬಾಯಿಬಿಟ್ಟು ಹೇಳುತ್ತಿದ್ದದ್ದು ಅಳತೆಯೊಂದನ್ನೇ. ತಟ್ಟೆಯ ಅಗಲಕ್ಕೆ ಎತ್ತರ ಕೂಡಿಸಿ, ಅದರ ಒಂದೂವರೆ ಪಟ್ಟು ಮೊದಲ ಕೊಂಬೆ. ಅದರ ಮುಕ್ಕಾಲು ಎರಡನೆಯದು. ಅದರ ಮುಕ್ಕಾಲು ಮೂರನೆಯದು. ಮೊದಲನೆಯದು ಹದಿನೈದು ಡಿಗ್ರಿ ಬಾಗಬೇಕು, ಎರಡನೆಯದು ನಲವತ್ತೈದು, ಮೂರನೆಯದು ಎಪ್ಪತ್ತೈದು. ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ತಟ್ಟೆಯ ಪಕ್ಕ ನಿಲ್ಲಿಸಿ ನೋಡುತ್ತಿದ್ದರು. ಇದು ನನ್ನ ಸೃಷ್ಟಿಯಲ್ಲ, ಹೆಂಡತಿಯವರೂ ಒಪ್ಪಿದ್ದಾರೆ. ಕಡ್ಡಿ ನಿಲ್ಲಿಸುವ ಮುಳ್ಳಿನ ಹಲಗೆ, ಜಪಾನಿನವರು ಕೆನ್‌ಜಾನ್ ಅನ್ನುವುದು, ಆಗ ಬೆಂಗಳೂರಿನಲ್ಲಿ ಸಿಗುತ್ತಿರಲಿಲ್ಲ. ಸೀಸ ಕರಗಿಸಿ, ಅದರಲ್ಲಿ ಹಿತ್ತಾಳೆ ಮೊಳೆ ನೆಟ್ಟು ಅವರೇ ಮಾಡಿ ನಮಗೆ ಒಂದೊಂದು ಕೊಟ್ಟಿದ್ದರು. ನನ್ನದು ಈಗ ಇದೇ ಮೇಜಿನ ಮೇಲೆ ಕಾಗದಗಳನ್ನು ಒತ್ತಿಕೊಂಡು ಕೂತಿದೆ.

ಹಳೆಯ ವಿಮಾನ ನಿಲ್ದಾಣ ಹತ್ತಿರದಲ್ಲೇ ಇತ್ತು. ಪಾಠದ ನಡುವೆ ವಿಮಾನ ತಲೆಯ ಮೇಲೆ ಹಾದಾಗ ಮೇಜಿನ ಮೇಲಿನ ನೀರು ನಡುಗುತ್ತಿತ್ತು. ಆಗ ಅವರು ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದರು. ಸದ್ದು ಪೂರ್ತಿ ಹೋಗಿ, ನೀರು ನಿಂತ ಮೇಲೆಯೇ ನೆಡುವುದು. ಲೇತ್ ಮುಂದೆ ನಿಂತು ಬಂದ ಅಭ್ಯಾಸವೋ, ಜಪಾನಿನದೋ ಕೇಳಬೇಕೆಂದಿದ್ದೆ.

ಕತ್ತರಿಸುವ ಮೊದಲು ಒಂದು ಮಾತು ತಪ್ಪದೆ ಬರುತ್ತಿತ್ತು: "ಉದ್ದ ಆದ್ರ ಕಡೀಬಹುದು. ಕಡದಿದ್ದು ಗಿಡ್ಡ ಆದ್ರ ಜಗತ್ತಿನ್ಯಾಗ ಯಾವ ವೆಲ್ಡರ್‌ಗೂ ಹಚ್ಚಾಕ ಬರಂಗಿಲ್ಲ."

ಒಂದೆರಡು ಸಲ ಬೆಳಿಗ್ಗೆ ಅವರ ಜೊತೆ ಶಿವಾಜಿನಗರದ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿ ಹೂವಿಗೆ ಕಡ್ಡಿಯೇ ಇರುವುದಿಲ್ಲ. ಹೂ ಅಂದರೆ ಮೊಳ, ಇಲ್ಲವೇ ಕೆಜಿ. ಮಣಿ ಎಂಬ ಹೂವಿನವನು ಅವರನ್ನು ದೂರದಿಂದ ಕಂಡೇ ಕೂಗುತ್ತಿದ್ದ.

"ಬಂದ್ರಪ್ಪ ಕಡ್ಡಿ ಸಾರು! ಊರೆಲ್ಲಾ ಹೂ ತಗೊಂಡು ಕಡ್ಡಿ ಬಿಸಾಕ್ತಾರೆ, ನೀವು ಕಡ್ಡಿ ನೋಡಿ ಹೂ ತಗೋತೀರಾ. ಎಷ್ಟು ಬೇಕು ಸಾರ್?"

"ಮೂರು."

"ಮೂರು ಕಟ್ಟಾ?"

"ಮೂರು ಹೂ."

"ಬೋಣಿ ಟೈಮಲ್ಲಿ ಮೂರು ಹೂವಾ! ಅಯ್ಯೋ ಮುರುಗಾ! ಇಂಥಾ ಗಿರಾಕಿ ಇನ್ನಿಬ್ರು ಬಂದ್ರೆ ನಾನು ಕಾವಿ ಕಟ್ಕೊಂಡು ಹೋಗ್ಬೇಕು ಸಾರ್."

ಹಾಗೆನ್ನುತ್ತಲೇ ಬುಟ್ಟಿಯ ಅಡಿಯಿಂದ ಅವರಿಗೆಂದೇ ತೆಗೆದಿಟ್ಟಿದ್ದ ಉದ್ದ ಕಡ್ಡಿಯ ಸೇವಂತಿಗೆ ಎಳೆಯುತ್ತಿದ್ದ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು, ಹುಳ ತಿಂದ ಎಲೆ ಇರುವುದನ್ನೇ ಆರಿಸುತ್ತಿದ್ದರು. ಮಣಿ ನನ್ನ ಕಡೆ ತಿರುಗಿ, ಸಾರ್‌ಗೆ ಕಣ್ಣು ಪರೀಕ್ಷೆ ಮಾಡಿಸಿ ಎಂಬಂತೆ ತನ್ನ ಕಣ್ಣು ಮುಟ್ಟಿ ತೋರಿಸುತ್ತಿದ್ದ.

ಮನೆಯಲ್ಲಿ ಬೇರೆಯೇ ಜಗಳ. "ದೇವರಿಗೆ ಎರಡು ಹೂ ಇಲ್ಲ ಈ ಮನ್ಯಾಗ," ಎಂದು ಹೆಂಡತಿ ಅಡುಗೆಮನೆಯಿಂದಲೇ ನಮಗೆ ಕೇಳುವಂತೆ ಹೇಳುತ್ತಿದ್ದರು. "ಇದ್ದ ಹೂವೆಲ್ಲಾ ಇವರ ತಟ್ಟ್ಯಾಗ ತಪಸ್ಸಿಗೆ ಕುಂತಾವ. ಒಂದು ಮೊಳ ಮಲ್ಲಿಗಿ ತರ್ರಿ ಅಂದ್ರ ಒಣಾ ಟೊಂಗಿ ತರತಾರ. ಒಲಿ ಹಚ್ಚೂದ ಬಿಟ್ಟು ಗ್ಯಾಸ್ ತಗೊಂಡಿದ್ದ ತಪ್ಪಾತು ತಮ್ಮಾ."

ಅವರು ತಲೆ ಎತ್ತದೆ, "ಟೊಂಗಿ ಒಣಗಿಲ್ಲ, ಎಲಿ ಉದುರ್ಯಾವ ಅಷ್ಟ," ಎನ್ನುತ್ತಿದ್ದರು.

ಇದನ್ನೆಲ್ಲ ಎಲ್ಲಿ ಕಲಿತರು? ಎಪ್ಪತ್ತರ ದಶಕದಲ್ಲಿ ಕಾರ್ಖಾನೆ ಅವರನ್ನು ಒಂದು ಯಂತ್ರದ ತರಬೇತಿಗೆ ಒಂಬತ್ತು ತಿಂಗಳು ಜಪಾನಿಗೆ ಕಳಿಸಿತ್ತು. ಬಾಡಿಗೆಗಿದ್ದ ಮನೆಯ ಒಡತಿ ವಿಧವೆ, ಅವರ ತಾಯಿಯ ವಯಸ್ಸಿನವರು. ಮಾಂಸ ಮುಟ್ಟದ ಈ ಬಾಡಿಗೆದಾರನಿಗಾಗಿ ಬೇರೆ ಪಾತ್ರೆಯಲ್ಲಿ ಮೂಲಂಗಿ ಬೇಯಿಸಿ ಹಾಕುತ್ತಿದ್ದರಂತೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಗಿಡ್ಡ ಮೇಜಿನ ಮುಂದೆ ಮಂಡಿಯೂರಿ ಕೂತು ಹೂ ಜೋಡಿಸುವರು. ಇವರು ಮೇಜಿನ ಈಚೆ ಕೂತು ನೋಡುವರು. ಅವರಿಗೆ ಕನ್ನಡ ಬಾರದು, ಇವರಿಗೆ ಜಪಾನಿ ಬಾರದು, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರನೆಯ ತಿಂಗಳು ಆಕೆ ಇನ್ನೊಂದು ತಟ್ಟೆ ತಂದು ಇವರ ಮುಂದಿಟ್ಟರು.

"ಆದರೆ ಯಾವ ಸ್ಕೂಲು ಸರ್ ಅದು?" ನನ್ನ ಪ್ರಶ್ನೆ ಯಾವಾಗಲೂ ಇದೇ. ಇಕೆಬಾನದಲ್ಲಿ ಶಾಲೆಗಳಿವೆ, ಘರಾನೆಗಳ ಹಾಗೆ. ತಲೆಮಾರಿನಿಂದ ತಲೆಮಾರಿಗೆ ಗುರುಪಟ್ಟ, ಮೆಟ್ಟಿಲಿಗೊಂದು ಪ್ರಮಾಣಪತ್ರ.

"ಅಡಗಿಮನಿ ಸ್ಕೂಲು. ಬರಕೋರಿ."

ಶೈಲಿಗಳ ಹೆಸರು ಮಾತ್ರ ಗೊತ್ತಿತ್ತು, ತಮ್ಮ ಕಾರ್ಖಾನೆಯ ಭಾಷೆಗೆ ಅವನ್ನು ಇಳಿಸಿಕೊಂಡಿದ್ದರು. ರಿಕ್ಕ ಎಂದರೆ ನಿಲ್ಲಿಸಿದ ಹೂವು, ಎಲ್ಲಕ್ಕಿಂತ ಹಳೆಯದು, ದೇವಸ್ಥಾನದ್ದು, ಒಂದೇ ಪಾತ್ರೆಯಲ್ಲಿ ಬೆಟ್ಟ, ಕಣಿವೆ, ಜಲಪಾತ ಎಲ್ಲ ಬರಬೇಕು. "ಅದು ಪೂರಾ ಓವರ್‌ಹಾಲ್ ಇದ್ದಂಗ. ಒಂಬತ್ತು ಭಾಗ. ಒಂದು ಸಡಲಾದ್ರ ಎಂಟೂ ಹೋದಂಗ." ಶೋಕಾ ಎಂಬುದು ಅದರ ನಂತರದ್ದು, ಮೂರೇ ಕೊಂಬೆ, ಒಂದೇ ಬುಡದಿಂದ ಎದ್ದಂತೆ. ನಗೆಇರೆ ಎತ್ತರದ ಪಾತ್ರೆಯದು, ಮುಳ್ಳುಹಲಗೆ ಇಲ್ಲದೆ ಕೊಂಬೆ ತನ್ನ ಬಿಗಿತದಿಂದಲೇ ಪಾತ್ರೆಯ ಗೋಡೆಗೆ ಒರಗಿ ನಿಲ್ಲಬೇಕು. "ಸ್ಪ್ರಿಂಗ್." ಮೊರಿಬಾನ ಅಗಲ ತಟ್ಟೆಯದು, ಹೊಸ ಕಾಲದ್ದು, ಅವರು ಕಲಿತದ್ದೂ ನಮಗೆ ಕಲಿಸಿದ್ದೂ ಅದನ್ನೇ. ತಂತಿ, ಪ್ಲಾಸ್ಟಿಕ್ ಪೈಪು ಬಳಸುವ ತೀರ ಈಚಿನ ಶೈಲಿಯ ಚಿತ್ರವನ್ನು ಫಿಲೋಮಿನಾ ಆಂಟಿ ತೋರಿಸಿದಾಗ ಬಹಳ ಹೊತ್ತು ನೋಡಿ, "ಇದು ಹೂ ಅಲ್ಲ, ನಮ್ಮ ಫ್ಯಾಕ್ಟರಿ ಹಿಂದಿನ ಗುಜರಿ," ಎಂದರು.

ಎತ್ತರದ ಕೊಂಬೆ ಆಕಾಶ, ನಡುವಿನದು ಮನುಷ್ಯ, ಗಿಡ್ಡದ್ದು ಭೂಮಿ ಎಂದು ಅವರು ಹೇಳಿದ್ದರು. ಒಂದು ಪುಸ್ತಕದಲ್ಲಿ, ಹಳೆಯ ಶಾಲೆಯೊಂದರಲ್ಲಿ ಎತ್ತರದ್ದೇ ಮನುಷ್ಯ ಎಂದಿತ್ತು. ಗೆದ್ದವನ ಹಾಗೆ ತಂದು ತೋರಿಸಿದೆ.

"ಹಂಗಾರ ಆ ಶಾಲಿಯವರು ನಮ್ಮ ಜನರಲ್ ಮ್ಯಾನೇಜರ್‌ನ ನೋಡಿರಬೇಕ್ರಿ," ಎಂದರು.

ಅದೇ ಪುಸ್ತಕ ನನ್ನನ್ನು ಕೆಡಿಸಿದ್ದು. ಇಕೆಬಾನಕ್ಕೆ ಮುಂಭಾಗ, ಹಿಂಭಾಗ ಇದೆ. ಜೋಡಿಸುವವರು ಕೂತ ಕಡೆಯೇ ಮುಂಭಾಗ, ನೋಡುವವರೂ ಆ ಕಡೆಯಿಂದಲೇ ನೋಡಬೇಕು. ಗಿಡ್ಡ ಹೂವು ನೋಡುವವರ ಕಡೆಗೆ ಬಾಗಿ, ಮುಳ್ಳುಹಲಗೆಯನ್ನು ಮುಚ್ಚಬೇಕು. ಗ್ರಂಥಾಲಯದಲ್ಲಿ ಚಿತ್ರ ನೋಡುತ್ತಿದ್ದಂತೆ ಅವರ ಮನೆಯ ಮೂಲೆಯ ಗೂಡು ಕಣ್ಣಮುಂದೆ ಬಂತು. ಪಾಠದ ಕೊನೆಗೆ ತಮ್ಮ ತಟ್ಟೆಯನ್ನು ಅವರು ಆ ಗೂಡಿನಲ್ಲಿ ಇಡುತ್ತಿದ್ದರು. ಕುರ್ಚಿಯಲ್ಲಿ ಎರಡು ನಿಮಿಷ ಕೂರಲಾರದೆ ಕೋಣೆಯಲ್ಲಿ ಓಡಾಡುವ ಚಟ ನನ್ನದು, ಹಾಗಾಗಿ ಅದನ್ನು ಹತ್ತಿರದಿಂದ ನೋಡಿದ್ದವನು ನಾನೊಬ್ಬನೇ. ಅಲ್ಲಿ ಮುಳ್ಳುಹಲಗೆ ಬೋಳಾಗಿ ಕಾಣುತ್ತಿತ್ತು. ಎಲೆಗಳ ಬೆನ್ನು ನಮ್ಮ ಕಡೆಗೆ. ಹೂವುಗಳೆಲ್ಲ ಗೋಡೆಯತ್ತ ಬಾಗಿದ್ದವು.

ಅವರು ಒಂಬತ್ತು ತಿಂಗಳು ಆಕೆಯ ಎದುರು ಕೂತು ನೋಡಿದ್ದರು. ಎದುರಿನಿಂದ ಕಂಡದ್ದು ಹೂವಿನ ಬೆನ್ನು. ಕಂಡದ್ದನ್ನು ಕಂಡ ಹಾಗೆ, ಡಿಗ್ರಿಯೂ ತಪ್ಪದಂತೆ, ತಮ್ಮ ಕಡೆಗೆ ನಕಲು ಮಾಡಿದ್ದರು. ಇಪ್ಪತ್ತೈದು ವರ್ಷ ಅವರು ಮಾಡಿದ ಒಂದೊಂದು ಜೋಡಣೆಯೂ ಹಿಂದುಮುಂದು.

ಬಸ್ಸಿನಲ್ಲಿ ಮನೆಗೆ ಬರುವಾಗ ಇನ್ನೊಂದು ಹೊಳೆಯಿತು. ನಾವು ಅವರ ಎದುರು ಕೂರುವವರು. ಅವರು ತಿರುಗುಮುರುಗಾಗಿ ಮಾಡಿದ್ದರ ಮುಂಭಾಗ ನಮ್ಮ ಕಡೆಗಿರುತ್ತಿತ್ತು. ನಾವು ಅದನ್ನು ನೋಡಿ ಮಾಡಿದ್ದು ಸರಿಯಾಗಿಯೇ ಇತ್ತು. ಅವರ ಕೈಯಲ್ಲಿ ಕಲಿತ ನಾಲ್ವರೂ, ಪುಸ್ತಕದ ಚಿತ್ರಕ್ಕೆ ಎಳ್ಳಷ್ಟೂ ತಪ್ಪದಂತೆ ಕಲಿತಿದ್ದೆವು. ಈ ಮಾತನ್ನು ಅವರಿಗೆ ಹೇಳಬೇಕು, ಮೊದಲು ಇದನ್ನು, ಆಮೇಲೆ ಆ ತಪ್ಪನ್ನು, ಎಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಮೂರು ಗುರುವಾರ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಗೇ ತಂದೆ.

ಅಷ್ಟರಲ್ಲಿ ಆ ಪ್ರದರ್ಶನ. ದಂಡಿನ ಕೆಲವು ಮಹಿಳೆಯರ ಹೂವಿನ ಕ್ಲಬ್ಬೊಂದು ವರ್ಷಕ್ಕೊಮ್ಮೆ ನಡೆಸುತ್ತಿದ್ದದ್ದು. ಅಲ್ಲಿ ಎಲ್ಲರ ಮನೆಯಲ್ಲೂ ಚೌಕಟ್ಟು ಹಾಕಿದ ಪ್ರಮಾಣಪತ್ರಗಳಿದ್ದವು. ನಮ್ಮವರು ಎಂದೂ ಹೋದವರಲ್ಲ. ಫಿಲೋಮಿನಾ ಆಂಟಿ ಹಟ ಹಿಡಿದರು. "ಒಂದ್ ಸಲ ಸರ್, ಒಂದೇ ಒಂದ್ ಸಲ. ನಾವು ಯಾರ ಹತ್ರ ಕಲ್ತಿದ್ದು ಅಂತ ಆ ಲೇಡೀಸ್‌ಗೂ ತಿಳೀಲಿ." ಅವರು ಬೇಡವೆನ್ನುತ್ತಲೇ ಒಪ್ಪಿದರು. ಆ ವಾರ ಹೊಸ ಬುಷ್‌ಶರ್ಟು ಹೊಲಿಸಿದರು. ಇದನ್ನು ನಾನು ಯಾಕೆ ನೆನಪಿಟ್ಟುಕೊಂಡಿದ್ದೇನೋ.

ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಅವರಿಗೆ ಕೊಟ್ಟದ್ದು ಕಿಟಕಿಯ ಪಕ್ಕದ ಮೇಜು. ತಿರುಚಿದ ನೇರಳೆ ಕೊಂಬೆ, ಎರಡು ಬಿಳಿ ಸೇವಂತಿಗೆ, ಒಂದು ಮೊಗ್ಗು. ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಮುಗಿಸಿ, ತಾವು ಕೂತಿದ್ದ ಬದಿಯನ್ನು ಜನ ಬರುವ ಕಡೆಗೆ ತಿರುಗಿಸಿ ಇಟ್ಟರು. ಮುಳ್ಳುಹಲಗೆ ಬೋಳು. ಎರಡು ಮೇಜಿನಾಚೆ ತೀರ್ಪುಗಾರ್ತಿ ಬರುತ್ತಿದ್ದರು. ಪಕ್ಕದ ಮೇಜಿನ ಇಬ್ಬರು ಹೆಂಗಸರು ಆಗಲೇ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಕಂಡೆ.

"ಕೈ ತೊಳಕೊಂಡ ಬರತೀನ್ರಿ," ಎಂದು ಅವರು ಹೋದರು.

ತಿರುಗಿಸಿದೆ. ಎರಡೂ ಕೈಯಿಂದ ತಟ್ಟೆ ಹಿಡಿದು, ನೀರು ಅಲುಗದಂತೆ. ಅವರ ಮರ್ಯಾದೆ ಉಳಿಸಿದೆ ಎಂದುಕೊಂಡೆ. ಈಗ ಅನಿಸುವುದು, ಆ ಹೆಂಗಸರು ನಗುವುದನ್ನು ನೋಡಲಾರದೆ ಹೋದವನು ನಾನು. ನಮ್ಮವರಿಗೆ ಅದು ತಾಗುತ್ತಿತ್ತೋ ಇಲ್ಲವೋ, ನನಗೇನು ಗೊತ್ತಿತ್ತು?

ತೀರ್ಪುಗಾರ್ತಿ ಅದರ ಮುಂದೆ ಬಹಳ ಹೊತ್ತು ನಿಂತರು. ಎರಡನೆಯ ಬಹುಮಾನದ ನೀಲಿ ಪಟ್ಟಿ ಇಟ್ಟು ಹೋದರು. ನಮ್ಮವರು ಕರವಸ್ತ್ರದಲ್ಲಿ ಕೈ ಒರೆಸುತ್ತ ಬಂದರು. ಮೇಜಿನ ಮುಂದೆ ನಿಂತರು. ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಚಂದ ಐತಿ. ಇದು ಯಾರದು?"

ಹೀಗೆ ಕೇಳಿದರು ಎಂದೇ ನನ್ನ ನೆನಪು. ತಮ್ಮ ಕೈಯ ಕೆಲಸದ ಮುಂಭಾಗವನ್ನು ಎಂದೂ ಕಾಣದವರು, ಮೊದಲ ಸಲ ಕಂಡಾಗ ಗುರುತು ಹಿಡಿಯಲಿಲ್ಲ ಎಂದು. ಹತ್ತು ವರ್ಷ ಈ ವಾಕ್ಯ ನನ್ನ ಬೆನ್ನು ಬಿಟ್ಟಿಲ್ಲ. ಆದರೆ ಅವರ ಸಾವಿನ ಸುದ್ದಿ ಹೇಳಲು ಫೋನ್ ಮಾಡಿದ್ದ ಫಿಲೋಮಿನಾ ಆಂಟಿಯನ್ನು ಕೇಳಿದರೆ, "ಹಾಗೇನೂ ಹೇಳ್ಲಿಲ್ಲ ಮ್ಯಾನ್. ನಾನು ಪಕ್ಕದಲ್ಲೇ ಇದ್ದೆ. 'ಬಸ್ಸಿನ ಹೊತ್ತಾತು' ಅಂದ್ರು, ಹೋದ್ರು. ಆ ರಿಬ್ಬನ್ ಕೂಡ ತಗೊಳ್ಲಿಲ್ಲ, ನಮ್ಮನೇಲೇ ಇದೆ," ಎಂದರು. ಪಟ್ಟಿ ಅವರ ಮನೆಯಲ್ಲಿದೆ, ಸಾಕ್ಷಿ ಅವರ ಕಡೆಗಿದೆ. ನನ್ನ ಹತ್ತಿರ ವಾಕ್ಯ ಮಾತ್ರ.

ಮುಂದಿನ ಗುರುವಾರ ಪಾಠವಿರಲಿಲ್ಲ. ಅದರ ಮುಂದಿನದೂ ಇಲ್ಲ. ಮೊಣಕಾಲು ನೋವು, ಸದ್ಯಕ್ಕೆ ನಿಲ್ಲಿಸಿದ್ದೇನೆ ಎಂದು ಅವರೇ ಫಿಲೋಮಿನಾ ಆಂಟಿಗೆ ಫೋನ್ ಮಾಡಿದ್ದರು. ನನಗೆ ಮಾಡಲಿಲ್ಲ. ಆ ಬೇಸಿಗೆ ನನಗೆ ತುಮಕೂರಿನಲ್ಲಿ ಖಾಯಂ ಕೆಲಸ ಸಿಕ್ಕಿತು. ಬೆಂಗಳೂರಿಗೆ ಬಂದಾಗಲೆಲ್ಲ ಇಂದಿರಾನಗರದವರೆಗೆ ಬರುತ್ತಿದ್ದೆ, ಒಮ್ಮೆ ಅವರ ಅಡ್ಡರಸ್ತೆಯ ಮೂಲೆಯವರೆಗೂ. ಜೇಬಿನ ವಾಕ್ಯ ಹಳೆಯದಾಗುತ್ತ ಬಂತು. ಹಳೆಯದಾದಷ್ಟೂ ಹೇಳುವುದು ಕಷ್ಟ.

ಹೋದ ವಾರ ಹೋದೆ. ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗಿ ವರ್ಷವಾಗುತ್ತ ಬಂದಿದೆ, ಆ ಬೀದಿ ಇಷ್ಟು ಸದ್ದಿಲ್ಲದ್ದೆಂದು ನನಗೆ ಗೊತ್ತಿರಲಿಲ್ಲ. ಹೆಂಡತಿ ಬಾಗಿಲು ತೆಗೆದು, ನನ್ನ ನರೆಗೂದಲು ನೋಡಿ ಒಂದು ಗಳಿಗೆ ತಡೆದು, "ಬರ್ರಿ ಪ್ರೊಫೆಸರ," ಎಂದರು. ಅವರ ಬಾಯಲ್ಲಿ ಆ ಹೆಸರನ್ನು ನಾನು ಅದೇ ಮೊದಲು ಕೇಳಿದ್ದು.

ಅದೇ ಮೇಜು. ನನಗೇ ಅರಿವಿಲ್ಲದೆ ನನ್ನ ಹಳೆಯ ಜಾಗದಲ್ಲೇ ಕೂತಿದ್ದೆ. ಚಹಾ ಕೊಟ್ಟರು.

"ಈಗ ಇಮಾನದ ಕಾಟ ಇಲ್ಲ. ಆರಾಮ ಮಾತಾಡಬಹುದು," ಎಂದರು. "ಮಾತಾಡೋರು ಇಲ್ಲ, ಅಷ್ಟ."

ಕ್ಯಾಲಿಪರಿನ ಬಗ್ಗೆ ನಾನು ಕೇಳಿದ್ದು ಆಗಲೇ. ಅದಕ್ಕೆ ಉತ್ತರ ಕೊಟ್ಟು, ಸೆರಗಿನಲ್ಲಿ ಮೇಜು ಒರೆಸುತ್ತ, ಅವರು ತಾವಾಗಿಯೇ ಕೇಳಿದರು.

"ಅವತ್ತು ತಿರುವಿ ಇಟ್ಟಾವರು ನೀವ ಅಲ್ಲಾ, ತಮ್ಮಾ?"

"...ಯಾರು ಹೇಳಿದ್ರಮ್ಮಾ?"

"ಅವರ ಹೇಳಿದ್ರು. ಮನಿಗೆ ಬಂದು ಚಪ್ಪಲಿ ಸುದ್ದಾ ಬಿಟ್ಟಿರಲಿಲ್ಲ. 'ಪ್ರೊಫೆಸರ ತಿರುವಿ ಇಟ್ಟಾನ' ಅಂದ್ರು."

"ಬೈದ್ರಾ?"

"ಬೈಲಿಲ್ಲ. ಮೂರು ದಿನ ಮಾತಾಡಲಿಲ್ಲ. ಅದು ಬೈದಂಗ ಆತೋ ಇಲ್ಲೋ, ಕಲತವರು ನೀವು, ನೀವ ಹೇಳ್ರಿ." ಅವರು ನಗುತ್ತಿದ್ದರು, ಅಥವಾ ಹಾಗೆ ಕಾಣುತ್ತಿತ್ತು. "ನಾಕನೇ ದಿನ ಒಂದು ಮಾಡಿದ್ರು. ಮಾಡಿ, ಎದ್ದು, ಈ ಕಡಿ ಬಂದು ಕುಂತ್ರು. ಇಲ್ಲೇ, ನೀವು ಕುಂತಲ್ಲೇ. ತಾಸುಗಟ್ಟಲೆ ನೋಡಿದ್ರು. 'ಜಪಾನದಾಗ ಆಕಿ ಏನ ನೋಡತಿದ್ಲು ಅಂತ ನನಗ ಗೊತ್ತ ಇರಲಿಲ್ಲ ನೋಡು' ಅಂದ್ರು. ಅವತ್ತಿಂದ ದಿನಾ ಹಂಗ. ಮಾಡೂದು ಆ ಕಡಿ, ನೋಡೂದು ಈ ಕಡಿ."

"ಕಲಿಸೋದು ಯಾಕೆ ಬಿಟ್ರು? ಮೊಣಕಾಲಿಗಾ?"

"ಮೊಣಕಾಲು ಗಟ್ಟಿನ ಇತ್ತು. ನಾನೂ ಕೇಳಿದೆ. 'ನಾನ ಅರ್ಧಾ ಕಲತೀನಿ, ಮಂದಿಗೆ ತಪ್ಪು ಕಲಿಸಿ ಕಳಿಸೀನಿ, ಇನ್ನ ಸಾಕು' ಅಂದ್ರು."

ಹತ್ತು ವರ್ಷ ಹುಡುಕಿದ ಉತ್ತರ ಇದೇ. ನಾನು ಹೆದರಿದ್ದ ಉತ್ತರವೇ.

"ತಪ್ಪು ಕಲಿಸಿರ್ಲಿಲ್ಲಮ್ಮಾ," ಎಂದೆ. ನನ್ನ ದನಿ ಜೋರಾಯಿತು. "ನಾವು ಎದುರಿಗೆ ಕೂತಿದ್ವಿ. ಅವರದ್ದು ತಿರುಗುಮುರುಗು ಆಗಿದ್ರೂ, ನಮ್ಮ ಕಡೆಯಿಂದ ಸರಿಯಾಗೇ ಕಾಣ್ತಿತ್ತು. ನಾವು ನಾಲ್ಕೂ ಜನ ಸರಿಯಾಗೇ ಕಲ್ತಿದ್ದು. ಪುಸ್ತಕದಲ್ಲಿ ಇದ್ದ ಹಾಗೇ."

ಅವರು ಒರೆಸುವುದನ್ನು ನಿಲ್ಲಿಸಿದರು. ಮೇಜಿನ ಆ ತುದಿಯ ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡಿದರು, ಲೆಕ್ಕ ತಾಳೆ ಹಾಕುವವರ ಹಾಗೆ.

"ಹೌದಲ್ಲ," ಎಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇದನ್ನ ಅವರಿಗೆ ಹೇಳಬೇಕಿತ್ತಲ್ಲ, ತಮ್ಮಾ," ಎಂದರು.

ಅವರು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ಮೂಲೆಯ ಗೂಡಿನಲ್ಲಿ ತಟ್ಟೆ ಇನ್ನೂ ಇತ್ತು. ನೀರು ಆರಿಹೋಗಿದೆ. ಕೊಂಬೆ ಒಣಗಿದೆ. ಮೆಟ್ರೋ ಕೆಲಸಕ್ಕೆಂದು ಸಿ.ಎಂ.ಎಚ್. ರಸ್ತೆಯಲ್ಲಿ ಕಡಿದ ಮರದ್ದಂತೆ, ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹೋಗಿ ಆರಿಸಿ ತಂದದ್ದು. "ಧೂಳು ಹೊಡದೀನಿ. ಅಲಗಾಡಿಸಿಲ್ಲ. ಅವರು ಇಟ್ಟಂಗ ಐತಿ," ಎಂದು ಒಳಗಿನಿಂದ ಹೇಳಿದರು.

ಎದ್ದು ಹತ್ತಿರ ಹೋದೆ. ಮುಳ್ಳುಹಲಗೆ ಬೋಳಾಗಿ ಕಾಣುತ್ತಿತ್ತು. ಒಣಗಿದ ಸೇವಂತಿಗೆಗಳು ಗೋಡೆಯತ್ತ ಬಾಗಿದ್ದವು. ಎರಡೂ ಬದಿ ತಿಳಿದ ಮೇಲೆ, ಹತ್ತು ವರ್ಷ ದಿನವೂ ಈಚೆ ಬಂದು ಕೂತು ನೋಡಿದ ಮೇಲೆ, ಕೊನೆಯದನ್ನು ಹೀಗೇ ಇಟ್ಟಿದ್ದರು. ಧೂಳು ಹೊಡೆಯುವಾಗ ಅವರ ಹೆಂಡತಿಯೇ ತಿರುಗಿಸಿರಬಹುದು, ಮರೆತಿರಬಹುದು. ನನಗೆ ಹೀಗೆಯೇ ಯೋಚಿಸಲು ಬರುವುದು.

ಬೆನ್ನ ಕಡೆಯಿಂದ ನಾನು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಎತ್ತರದ ಕೊಂಬೆಯ ಬುಡದಲ್ಲಿ ಕತ್ತರಿಸಿದ ಓರೆ, ಅದು ಬೀಳದಂತೆ ಹಿಂದಿನಿಂದ ಆಸರೆ ಕೊಟ್ಟ ಬೆರಳುದ್ದದ ತುಂಡು, ಆ ತುಂಡಿಗೂ ಅಳತೆ ಇತ್ತು. ಮುಂದಿನಿಂದ ಯಾರಿಗೂ ಕಾಣದ್ದು. ಒಂದು ಭಾನುವಾರ ಬೆಳಿಗ್ಗೆ, ಭಾಷೆ ಬಾರದ ಮನೆಯಲ್ಲಿ, ಮೇಜಿನ ಈಚೆ ಕೂತವರಿಗೆ ಕಂಡದ್ದು ಇದೇ ಇರಬೇಕು.

ನನ್ನ ಎರಡೂ ಕೈ ತಟ್ಟೆಯ ಅಂಚಿನವರೆಗೆ ಹೋಗಿದ್ದವು. ಹಿಂದಕ್ಕೆ ತೆಗೆದುಕೊಂಡೆ. ಗೋಡೆಯ ಕಡೆಯಿಂದ ಅದು ಹೇಗಿತ್ತೋ ನಾನು ನೋಡಿಲ್ಲ.